ಟಿವಿಯೊಳಗಿನ ಮಳೆ

12 ಜುಲೈ 2023, ಬುಧವಾರ
ರಾಯದುರ್ಗ

ಇನ್ನೂ ಸಿಟ್ಟು ಇಳಿದಿಲ್ಲ. ಊಟವೂ ಸೇರಲಿಲ್ಲ.

ಬೆಳಿಗ್ಗೆ ಗಾರ್ಮೆಂಟಿನ ಗೋಡೆಯ ಟಿವಿಯಲ್ಲಿ ಜೋರು ಮಳೆಯ ಚಿತ್ರ ಬಂತು. ಮಾಲೀಕ ಉಮಾಮಹೇಶ್ವರ ಅದನ್ನು ನೋಡಿದ್ದೇ ತಡ, ತೊಳೆದ ಜೀನ್ಸುಗಳನ್ನು ಮಾಳಿಗೆಯ ಮೇಲೆ ಒಣಹಾಕುವ ಹೆಂಗಸರನ್ನೆಲ್ಲ ಕೂಲಿಯಿಲ್ಲದೆ ವಾಪಸು ಕಳಿಸಿದ. ಈ ವಾರ ತೊಳೆಯಲು ಬಂದ ಬಟ್ಟೆಯೂ ಕಡಿಮೆಯೇ. ಹೊರಗೆ ಮಾತ್ರ ನೆತ್ತಿ ಸುಡುವ ಬಿಸಿಲು!

ಡಿ. ಹಿರೇಹಾಳಿನಿಂದ ಬಂದಿದ್ದ ಹಂಪಮ್ಮ ಬಾಗಿಲಲ್ಲೇ ನಿಂತು, "ಸಾವ್ಕಾರ್ರೆ, ಒಮ್ಮಿ ಹೊರಗ ಬಂದು ಮ್ಯಾಲ ನೋಡ್ರಿ" ಎಂದಳು.

"ಟಿವಿ ಸುಳ್ಳು ಹೇಳ್ತೈತೇನು? ನಡಿ ನಡಿ."

ಇಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. ಆ ಟಿವಿಯಲ್ಲಿ ಲೆಕ್ಕ, ಹವಾಮಾನ ತೋರಿಸುವ ನಮ್ಮ ಡ್ಯಾಶ್‌ಬೋರ್ಡಿಗೆ ಜೋಡಿಸಿದ ಪ್ಲಗಿನ್ ಹವಾಮಾನದ ಪುಟವನ್ನು ಇಲ್ಲಿಂದ ತೆರೆಯುವುದಿಲ್ಲ. ಮುಂಬಯಿಯಲ್ಲಿರುವ ಸರ್ವರ್ ಅದನ್ನು ತೆರೆದು ಇಲ್ಲಿಗೆ ಕಳಿಸುತ್ತದೆ. ಮುಂಬಯಿಯಿಂದ ಯಾರೋ ಕೇಳುತ್ತಿದ್ದಾರೆಂದು ತಿಳಿದು ಆ ಪುಟ ಅಲ್ಲಿನ ಮಳೆಯನ್ನೇ ಕೊಡುತ್ತದೆ. ಈ ದರಿದ್ರ ಪ್ಲಗಿನ್ ಊರಿನ ಹೆಸರನ್ನು ಬಿಟ್ಟು ಬರೀ ಮೋಡವನ್ನು ತೋರಿಸುತ್ತದೆ. ಅದೇ ಪುಟವನ್ನು ನನ್ನ ಫೋನಿನಲ್ಲಿ ತೆರೆದು, ರಾಯದುರ್ಗದ ಬಿಸಿಲನ್ನು ಅವನ ಮುಖಕ್ಕೆ ಹಿಡಿದೆ.

"ನಿನ್ ಫೋನು ಸಣ್ಣದೈತವ್ವ" ಎಂದ!

ಅಷ್ಟು ದಡ್ಡನೇ ಇವನು, ಎಂದು ಮಧ್ಯಾಹ್ನದವರೆಗೆ ಒಳಗೊಳಗೇ ಕುದಿಯುತ್ತಿದ್ದೆ. ಮಾಳಿಗೆಗೆ ಹೋಗಿ ನೋಡಿದರೆ ಖಾಲಿ ತಂತಿಗಳು. ಮುಟ್ಟಿದರೆ ಕೈ ಚುರ್ ಎಂದಿತು. ಕೆಳಗೆ ಟಿವಿಯಲ್ಲಿ ಮಾತ್ರ ಮಳೆ ಸುರಿಯುತ್ತಲೇ ಇತ್ತು.

ಆಗ ಕೆಳಗಿನಿಂದ ಅವನ ದನಿ ಕೇಳಿಸಿತು. ಡ್ರೈವರನಿಗೆ ಹೇಳುತ್ತಿದ್ದ:

"ಕಾರು ನೆಳ್ಳಿಗೆ ಹಚ್ಚಲೇ, ಬಿಸ್ಲಿಗೆ ಸೀಟು ಸುಡಾಕತ್ತಾವು."