ನಿನ್ನ ಗರ್ಜನೆ, ನನ್ನ ಮಾತ್ರೆ

ಎಲೈ ನಿಂಗರಾಜು, ಸತ್ತ ಮೇಲೂ ರಂಗ ಬಿಡದ ಗೆಳೆಯನೇ, ಕೇಳುವಂಥವನಾಗು!

ಈವತ್ತು ತಾಂಡವಪುರದಲ್ಲಿ ನಾಟಕದ ಪ್ರಾಕ್ಟೀಸು. ನೀನು ಮಾಡುತ್ತಿದ್ದ ರಾಕ್ಷಸರಾಜನ ಪಾತ್ರ ಈ ವರ್ಷ ನನ್ನದು. ಗದೆ ಎತ್ತಿ ಗರ್ಜಿಸಿದೆ. ಹಾರ್ಮೋನಿಯಂ ಮೇಷ್ಟ್ರು ಗುರುಮಲ್ಲಪ್ಪ ನುಡಿಸುವುದನ್ನೇ ನಿಲ್ಲಿಸಿ, "ಇದೇನ್ಲಾ, ಡೈರೀಲಿ ಆಲು ಆಕಕ್ಕೆ ಕ್ಯೂ ನಿಂತೋನಂಗೆ ಮಾತಾಡ್ತೀಯ? ನಿಂಗರಾಜು ಗರ್ಜಿಸುದ್ರೆ ಮುಂದ್ಗಡೆ ಕೂತಿದ್ ಮಕ್ಳು ಚಡ್ಡೀಲೇ ಉಚ್ಚೆ ಉಯ್ಕೋತಿದ್ವು" ಎಂದರು. ಎಲ್ಲರೂ ನಕ್ಕರು. ನನ್ನ ಹೊಟ್ಟೆ ಧಗಧಗ ಉರಿಯಿತು ಕಣಯ್ಯಾ!

ಹೊಟ್ಟೆ ಉರಿದರೂ ಎದೆ ಹೊಡೆದುಕೊಳ್ಳಲಿಲ್ಲ. ನಂಜನಗೂಡಿನ ಡಾಕ್ಟರು ನಮ್ಮಿಬ್ಬರಿಗೂ ಬರೆದುಕೊಟ್ಟ ಬೀಟಾ ಬ್ಲಾಕರ್ ಮಾತ್ರೆಯ ಕೆಲಸವೇ ಅದು: ಬಡಿತವನ್ನು ನಿಧಾನ ಮಾಡಿ, ದಣಿದ ಹೃದಯದ ಹೊರೆ ಇಳಿಸುವುದು. ನೀನೋ, ಆವೇಶ ಬರುವುದಿಲ್ಲವೆಂದು ನಾಟಕದ ವಾರ ಮಾತ್ರೆಯನ್ನೇ ಬಿಟ್ಟೆ. ಒನ್ಸ್ ಮೋರ್ ಗಿಟ್ಟಿಸಿದೆ. ಕಿರೀಟದ ಸಮೇತ ರಂಗದ ಮೇಲೇ ಬಿದ್ದೆ.

"ನಾಳೆಯಿಂದ ನಾನೂ ಮಾತ್ರೆ ಬಿಟ್ಟೆ!" ಎಂದು ಎಲ್ಲರೆದುರು ಘೋಷಿಸಿದೆ. ಕಾಫಿ ಹಂಚುತ್ತಿದ್ದ ನಿನ್ನ ಹೆಂಡತಿ ಶಿವಮಲ್ಲಮ್ಮ ತಟ್ಟೆ ಕೆಳಗಿಟ್ಟಳು.

"ಅಣ್ಣಾ, ಅವ್ರೂ ಇಂಗೇ ಅಂದಿದ್ರು. ಡಾಕ್ಟ್ರು ಏಳ್ದೆ ಬುಡ್ಬ್ಯಾಡಿ. ತಕೊಳಿ, ನನ್ ಮುಂದೇನೇ ನುಂಗಿ."

ಅವಳು ಕೊಟ್ಟ ನೀರಿನಲ್ಲಿ ಜೇಬಿನ ಮಾತ್ರೆ ನುಂಗಿದೆ. ಮತ್ತೆ ಗದೆ ಎತ್ತಿ, ಬಂದಷ್ಟು ದನಿಯಲ್ಲಿ ಗರ್ಜಿಸಿದೆ. ಶಿವಮಲ್ಲಮ್ಮ ನನ್ನನ್ನೇ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಕಣ್ಣೀರೂ ನಿನ್ನ ಪಾಲಿಗೇ ಹೋಯಿತಲ್ಲೋ, ಪಾಪಿ!