ಕನಸಿನಲ್ಲಿ ಉಣಿಸಿದವರು ಯಾರೆಂದು ಮಕ್ಕಳನ್ನು ಕೇಳಿಸಿದ ಅಧಿಕಾರಿಗಳಿಗೆ

ಮಾನ್ಯ ಜಿಲ್ಲಾ ಶಿಕ್ಷಣಾಧಿಕಾರಿಗಳೇ,

ನನ್ನ ಮೊಮ್ಮಗಳು ನನ್ನ ಕೈಯ ತುತ್ತು ಮುಟ್ಟದೆ ಇವತ್ತಿಗೆ ಇಪ್ಪತ್ತಾರು ದಿನ. ಹೆಸರು ಅಲಿನಾಫೆ, ವಯಸ್ಸು ಒಂಬತ್ತು, ನಿಮ್ಮದೇ ಶಾಲೆಯ ನಾಲ್ಕನೆಯ ತರಗತಿ. ಅವಳಿಗೆ ನನ್ನ ಮೇಲೆ ಮುನಿಸಿಲ್ಲ, ಹೊಟ್ಟೆನೋವೂ ಇಲ್ಲ. ನಾನು ಮಾಟಗಾತಿ ಎಂದು ಹೆದರಿದ್ದಾಳೆ. ಹಾಗೆ ಹೆದರಿಸಿದವರು ನಿಮ್ಮ ಮೊಹರು ಬಿದ್ದ ಕಾಗದ ಹಿಡಿದು ಬಂದಿದ್ದರು. ಆದ್ದರಿಂದ ಈ ಪತ್ರ ನಿಮಗೆ. ನಿಮ್ಮ ಕಚೇರಿಗೆ ಹೋದ ಪತ್ರಗಳು ಅಲ್ಲೇ ಮುದಿಯಾಗುತ್ತವೆಂದು ಕೇಳಿದ್ದೇನೆ, ಹಾಗಾಗಿ ಒಂದು ಪ್ರತಿ ಪತ್ರಿಕೆಗೂ ಕೊಟ್ಟಿದ್ದೇನೆ.

ನಾನು ಓದಿದ್ದು ಮಿಷನ್ ಶಾಲೆಯಲ್ಲಿ ಮೂರು ತರಗತಿ, ಅದೂ ಮಾವಿನ ಮರದ ಕೆಳಗೆ. ನಮ್ಮ ಚರ್ಚಿನ ಉಪದೇಶಿ ತಾನೇ ಬರೆದುಕೊಡುತ್ತೇನೆ ಎಂದರು. ಅವರು ಬರೆದರೆ ಪತ್ರ ಅರ್ಧಕ್ಕೆ ಬರುವಾಗಲೇ ಪ್ರಾರ್ಥನೆಯಾಗಿ ನಿಮ್ಮನ್ನು ಕ್ಷಮಿಸಿಬಿಡುತ್ತದೆ, ಬೇಡ ಎಂದೆ. ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಳ್ಳಿ. ತಿದ್ದುವುದು ನಿಮ್ಮ ಇಲಾಖೆಯ ಕೆಲಸವೇ ತಾನೆ.

ಫೆಬ್ರವರಿಯಲ್ಲಿ ಬಿಳಿ ವ್ಯಾನೊಂದು ಶಾಲೆಗೆ ಬಂತು. ಮೇಲೆ ಧ್ವನಿವರ್ಧಕ, ಒಳಗೆ ಕೋಟು ಹಾಕಿದ ಇಬ್ಬರು ಗಂಡಸರು, ಒಬ್ಬ ಹೆಂಗಸು. 'ಮಕ್ಕಳ ಆತ್ಮಕ್ಷೇಮ ಸಮೀಕ್ಷೆ' ಎಂದು ನಿಮ್ಮ ಕಾಗದದಲ್ಲಿತ್ತಂತೆ. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಮಕ್ಕಳ ಆತ್ಮದ ಬಗ್ಗೆ ಸರ್ಕಾರ ಯೋಚಿಸುವುದು ದಿನಾ ನಡೆಯುವ ಸಂಗತಿಯೇ? ಮಕ್ಕಳ ಕೈಗೆ ಒಂದೊಂದು ಹಾಳೆ ಕೊಟ್ಟರು. ಹೆತ್ತವರಿಗೆ ವಿಧೇಯರಾಗಿದ್ದೀರಾ, ಸುಳ್ಳು ಹೇಳುತ್ತೀರಾ, ಇಂಥವೇ ಪ್ರಶ್ನೆಗಳು. ಏಳನೆಯದು ಹೀಗಿತ್ತು: ಕನಸಿನಲ್ಲಿ ನಿಮಗೆ ಯಾರಾದರೂ ಊಟ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಅವರ ಹೆಸರು ಬರೆಯಿರಿ.

ಮಾನ್ಯರೇ, ನೀವೂ ಈ ಮಲಾವಿಯವರೇ. ಕನಸಿನಲ್ಲಿ ತಿಂದ ಮಗು ಮಾಟಕ್ಕೆ ಸೇರಿತು, ತಿನ್ನಿಸಿದವರು ಮಾಟಗಾರರು ಎನ್ನುವ ಮಾತು ನಿಮ್ಮ ಅಜ್ಜಿಯ ಮನೆಯಲ್ಲೂ ಓಡಾಡಿರಬೇಕು. ಆ ಪ್ರಶ್ನೆ ಯಾಕೆ ಬಂತೆಂದು ನಿಮಗೆ ತಿಳಿಯಲಿಲ್ಲವೇ? ಅಥವಾ ಓದದೆಯೇ ಮೊಹರು ಒತ್ತಿದಿರಾ? ಎರಡರಲ್ಲಿ ಯಾವುದು ನಿಮಗೆ ಹೆಚ್ಚು ಗೌರವವೋ ಅದನ್ನೇ ಆರಿಸಿಕೊಳ್ಳಿ.

ಕೇಳಿದ್ದಾದರೂ ಯಾವ ತಿಂಗಳಲ್ಲಿ? ಕಣಜ ಬರಿದಾಗಿರುತ್ತದೆ, ಹೊಲದ ತೆನೆಯಲ್ಲಿ ಇನ್ನೂ ಹಾಲಿರುತ್ತದೆ. ಮನೆಮನೆಯಲ್ಲಿ ತೌಡಿನ ಗಂಜಿ, ಕುಂಬಳದ ಸೊಪ್ಪು. ಆ ತಿಂಗಳಲ್ಲಿ ನಮ್ಮ ಮಕ್ಕಳು ಕನಸಿನಲ್ಲಿ ಇನ್ನೇನು ಮಾಡಬೇಕಿತ್ತು, ಲೆಕ್ಕ ಬಿಡಿಸಬೇಕಿತ್ತೇ? ತರಗತಿಯ ಅರ್ಧದಷ್ಟು ಮಕ್ಕಳು ಹೌದು ಎಂದು ಬರೆದರು. ಕೊಟ್ಟವರು ಯಾರು? ಅಜ್ಜಿ, ಅಜ್ಜಿ, ಅಜ್ಜಿ. ಎಚ್ಚರದಲ್ಲಿ ಯಾರು ಉಣಿಸುತ್ತಾರೋ ಕನಸಿನಲ್ಲೂ ಅವರೇ ಬರುತ್ತಾರೆ. ಒಬ್ಬ ಹುಡುಗ ಹೆಡ್‌ಮಾಸ್ಟರರ ಹೆಸರು ಬರೆದಿದ್ದನಂತೆ. ಆ ಹಾಳೆಯನ್ನು ಮಾತ್ರ ಧ್ವನಿವರ್ಧಕದಲ್ಲಿ ಓದಲಿಲ್ಲ.

ಈಗ ನನ್ನ ಅಪರಾಧ ಹೇಳುತ್ತೇನೆ. ಸಮೀಕ್ಷೆಗೆ ಎರಡು ದಿನ ಮುಂಚೆ ಅಲಿನಾಫೆ ಬೆಳಿಗ್ಗೆ ಎದ್ದವಳೇ ತುಟಿ ಸವರಿಕೊಂಡಳು.

"ಅಜ್ಜಿ, ರಾತ್ರಿ ಕನಸಲ್ಲಿ ನೀನು ಮೇಕೆ ಮಾಂಸ ಮಾಡಿದ್ದೆ. ಉಪ್ಪು ಸರಿಯಾಗಿತ್ತು."

"ಒಬ್ಬಳೇ ತಿಂದ್ಯೇನೇ ಹೊಟ್ಟೆಬಾಕಿ? ಇವತ್ತು ರಾತ್ರಿ ನನ್ನೂ ಕರಿ."

ಇಬ್ಬರೂ ನಕ್ಕೆವು. ಆಮೇಲೆ ಗಂಜಿ ಕುಡಿದೆವು. ಇದಿಷ್ಟೇ. ವ್ಯಾನಿನ ಹೆಂಗಸು ಅವಳನ್ನು ಪಕ್ಕಕ್ಕೆ ಕರೆದು, ಬಿಸ್ಕತ್ತು ಕೊಟ್ಟು, ಅಜ್ಜಿ ಏನೆಂದಳು ಎಂದು ಕೇಳಿದ್ದಾಳೆ. ಸುಳ್ಳು ಹೇಳಬಾರದೆಂದು ಅದೇ ಹಾಳೆಯಲ್ಲಿತ್ತಲ್ಲ. ಮಗು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಧ್ಯಾಹ್ನ ಶಾಲೆಯ ಬಯಲಿನಲ್ಲಿ, ಊರೆಲ್ಲ ಸೇರಿದ್ದಾಗ, ಧ್ವನಿವರ್ಧಕದಲ್ಲಿ ಬಂದದ್ದು ಹೀಗೆ: ಹನ್ನೊಂದನೆಯ ಹೆಸರು ಡೈಲೆಸ್ ನಾಂಜೋವು. ಮಗುವಿಗೆ ರಾತ್ರಿ ಮಾಂಸ ತಿನ್ನಿಸಿದ್ದಾಳೆ, ಮರುದಿನ ರಾತ್ರಿ ತನ್ನನ್ನೂ ಕರೆದುಕೊಂಡು ಹೋಗು ಎಂದಿದ್ದಾಳೆ. ನನ್ನ ತಮಾಷೆ ನನ್ನದೇ ತಪ್ಪೊಪ್ಪಿಗೆಯಾಯಿತು. ಮಗುವಿನ ಹಣೆಗೆ ಎಣ್ಣೆ ಹಚ್ಚಿ, ಮೂರು ಸಲ ಉಗಿಸಿ, ಇನ್ನು ಆ ಕೈಯಿಂದ ಏನೂ ನುಂಗಬೇಡ, ನುಂಗಿದರೆ ಆತ್ಮ ಹೋಗುತ್ತದೆ ಎಂದರು. ಈ ಮಗುವಿನ ತಾಯಿ, ನನ್ನ ಮಗಳು, ಹೆರಿಗೆಯಾದ ಮೂರನೆಯ ದಿನ ತೀರಿಕೊಂಡಳು. ಅಂದಿನಿಂದ ಅದು ನುಂಗಿದ್ದೆಲ್ಲ ಈ ಕೈಯಿಂದಲೇ.

ಪೊಲೀಸ್ ಠಾಣೆಗೆ ಹೋದೆ. ಯಾರನ್ನಾದರೂ ಮಾಟಗಾತಿ ಎನ್ನುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲವೇ ಎಂದು ಕೇಳಿದೆ. ಪೇದೆಗೆ ನನ್ನ ಮಗನ ವಯಸ್ಸು, ವಿನಯವಾಗಿಯೇ ಉತ್ತರ ಕೊಟ್ಟ. "ಅವರು ಹಾಗನ್ಲಿಲ್ವಲ್ಲ ಅಜ್ಜಿ. ಮಕ್ಕಳು ಬರೆದಿದ್ದನ್ನ ಓದಿದ್ರು, ಅಷ್ಟೇ." ಎಷ್ಟು ಶುದ್ಧವಾದ ಕೈಗಳು ನೋಡಿ. ಓದಿದವರು ಬರೆದಿಲ್ಲ, ಬರೆದವರಿಗೆ ಒಂಬತ್ತು ವರ್ಷ, ಮೊಹರು ಒತ್ತಿದವರು ಊರಲ್ಲೇ ಇರಲಿಲ್ಲ.

ನಮ್ಮ ಊರಿನ ಮುಖಂಡ ನನ್ನ ತಂಗಿಯ ಮಗ. ಚಿಕ್ಕಂದಿನಲ್ಲಿ ನನ್ನ ಮಡಕೆಯ ತಳ ಕೆರೆದು ತಿಂದವನು. ವಿಚಾರಿಸಲು ಬಂದ, ಅಂಗಳದಲ್ಲೇ ನಿಂತ. ತೌಡು ಬೆರೆಸಿದ ಮೆಕ್ಕೆಜೋಳದ ಮುದ್ದೆ ಆಗಷ್ಟೇ ಇಳಿಸಿದ್ದೆ, ಬಾ ಎಂದೆ. "ಈಗಷ್ಟೇ ಉಂಡ್ ಬಂದೆ ದೊಡ್ಡಮ್ಮ," ಎಂದ. ಆ ತಿಂಗಳಲ್ಲಿ ನಮ್ಮ ಊರಿನಲ್ಲಿ ಈಗಷ್ಟೇ ಉಂಡು ಬಂದವನು ಯಾವನೂ ಇರಲಿಲ್ಲ. ಅವನ ಹೊಟ್ಟೆ ಗುರುಗುಟ್ಟಿದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಇಬ್ಬರೂ ಮಳೆಯ ಮಾತಾಡಿದೆವು. ಹದಿನಾಲ್ಕನೆಯ ಹೆಸರಿನ ಲೆಫಿನಾಳಿಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ. ಅವಳ ಮನೆಗೆ ಕಲ್ಲು ಬಿತ್ತು. ಒಂದು ಚಾಪೆ ಸುತ್ತಿಕೊಂಡು ಹೊಳೆಯಾಚೆ ತಮ್ಮನ ಊರಿಗೆ ನಡೆದಳು. ಎರಡು ದಿನದ ದಾರಿ. ತಲುಪಿದ ಸುದ್ದಿ ಇನ್ನೂ ಬಂದಿಲ್ಲ.

ಅಲಿನಾಫೆ ಈಗ ಅಂಗಳದ ಆ ತುದಿಯಲ್ಲಿ ಮೂರು ಕಲ್ಲಿಟ್ಟು, ಡಬ್ಬಿಯೊಂದರಲ್ಲಿ ತಾನೇ ಗಂಜಿ ಕಾಸಿಕೊಳ್ಳುತ್ತಾಳೆ. ನಾನು ಕುಟ್ಟಿದ ಹಿಟ್ಟು ಬೇಡ. ಅದಕ್ಕೆ ನಾನು ಹಿಟ್ಟನ್ನು ಪಕ್ಕದ ಮನೆಯ ಫತ್ಸಾನಿಗೆ ಹಿತ್ತಿಲಿಂದ ಕೊಡುತ್ತೇನೆ. ಅವಳು ತನ್ನದೆಂದು ಮುಂಬಾಗಿಲಿಂದ ತಂದುಕೊಡುತ್ತಾಳೆ. ಸಂಜೆಯಾದರೆ ಮಗು ಒಂದು ಬಟ್ಟೆಯ ಚೂರಿನಿಂದ ಬಾಯಿ ಕಟ್ಟಿಕೊಂಡು ಮಲಗುತ್ತದೆ, ಕನಸಿನಲ್ಲಿ ಏನೂ ಒಳಗೆ ಹೋಗದಿರಲಿ ಎಂದು. ನಿಮ್ಮ ಸಮೀಕ್ಷೆಯಲ್ಲಿ ಇದಕ್ಕೆ ಯಾವ ಪ್ರಶ್ನೆಯ ಎದುರು ಗುರುತು ಹಾಕುತ್ತೀರಿ?

ಹೋದ ಮಂಗಳವಾರ ನನ್ನಿಂದ ತಡೆಯಲಾಗಲಿಲ್ಲ. ಅವಳ ಮೊಣಕೈ ಮೂಳೆ ನೋಡಿ, ಈ ಹಿಟ್ಟು ಯಾರದು ಗೊತ್ತೇ ಎಂದು ಬಾಯಿ ತೆರೆದೆ. ಅವಳು ಡಬ್ಬಿಯಿಂದ ತಲೆ ಎತ್ತಲಿಲ್ಲ.

"ಗೊತ್ತು ಅಜ್ಜಿ. ಹೇಳ್ಬೇಡ. ನೀನು ಹೇಳಿದ್ರೆ ನಾನು ಇದನ್ನೂ ತಿನ್ನೋ ಹಾಗಿಲ್ಲ."

ಒಂಬತ್ತು ವರ್ಷದ ಮಗು ಬದುಕುವುದಕ್ಕಾಗಿ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಕಲಿತಿದೆ. ಇದನ್ನು ಕಲಿಸಲು ವ್ಯಾನಿನವರಿಗೆ ಒಂದು ಮಧ್ಯಾಹ್ನ ಸಾಕಾಯಿತು. ನಾನು ಮೂವತ್ತು ವರ್ಷ ಚರ್ಚಿನ ಬಲಿಪೀಠದ ಬಟ್ಟೆ ಒಗೆದವಳು, ದೇವರ ಬಗ್ಗೆ ನನಗೆ ತಕರಾರಿಲ್ಲ. ಮಗುವಿನ ಆತ್ಮಕ್ಕೆ ಕೇಡು ಎಂದರೆ ಏನೆಂದು ನಾನೂ ಹುಡುಕುತ್ತಿದ್ದೆ. ಅದು ಈಗ ದಿನಾ ನನ್ನ ಅಂಗಳದಲ್ಲೇ ಕೂತು ಗಂಜಿ ಕಾಸುತ್ತದೆ.

ನನಗೆ ತನಿಖೆ ಬೇಡ, ಸಮಿತಿ ಬೇಡ, ಜೋಳದ ಮೂಟೆಯೂ ಬೇಡ. ನೀವು ಬನ್ನಿ. ಸಹಾಯಕರನ್ನು ಕಳಿಸಬೇಡಿ. ಅದೇ ಬಯಲಿಗೆ, ಅದೇ ಮಕ್ಕಳ ಎದುರಿಗೆ, ಅಂಥದ್ದೇ ಧ್ವನಿವರ್ಧಕ ತನ್ನಿ. ನಾನು ಮುದ್ದೆ, ಸೊಪ್ಪು ತರುತ್ತೇನೆ. ನನ್ನ ಕೈಯಿಂದ ಒಂದು ತುತ್ತು ನಿಮ್ಮ ಬಾಯಿಗೆ ಇಡುತ್ತೇನೆ. ಅಲಿನಾಫೆ ನೋಡುವ ಹಾಗೆ ನುಂಗಿ. ರಾತ್ರಿ ಹೆಡ್‌ಮಾಸ್ಟರರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬದುಕಿರುವುದನ್ನು ಮಕ್ಕಳಿಗೆ ತೋರಿಸಿ ಹೊರಡಿ. ಹೆದರಿಕೆಯಾದರೆ ಅದನ್ನೂ ಧ್ವನಿವರ್ಧಕದಲ್ಲೇ ಹೇಳಿ. ಮಗುವಿಗೆ ತಾನೊಬ್ಬಳೇ ಅಲ್ಲ ಎಂದಾದರೂ ತಿಳಿಯಲಿ.

ಬರುವುದಾದರೆ ಬೇಗ ಬನ್ನಿ. ಮೇ ಬಂದರೆ ಕಣಜ ತುಂಬುತ್ತದೆ, ಮಕ್ಕಳ ಹೊಟ್ಟೆ ತುಂಬುತ್ತದೆ, ಊಟದ ಕನಸುಗಳು ತಾವಾಗಿಯೇ ನಿಲ್ಲುತ್ತವೆ. ಆಗ ವ್ಯಾನಿನವರು ಮತ್ತೆ ಬಂದು, ನೋಡಿ, ನಮ್ಮ ಎಣ್ಣೆ ಕೆಲಸ ಮಾಡಿತು ಎನ್ನುತ್ತಾರೆ. ಊರೆಲ್ಲ ಒಪ್ಪುತ್ತದೆ. ನನ್ನ ಮೊಮ್ಮಗಳೂ ಒಪ್ಪುತ್ತಾಳೆ.

ಇಂತಿ,
ಮುದ್ದೆ ಮಾಡಿಟ್ಟು ಕಾಯುತ್ತಿರುವ,
ಡೈಲೆಸ್ ನಾಂಜೋವು
(ಮೂರನೆಯ ತರಗತಿ, ನಿಮ್ಮ ಪಟ್ಟಿಯಲ್ಲಿ ಹನ್ನೊಂದನೆಯವಳು)
ಕಪೆಂಬೆ ಗ್ರಾಮ, ಮಲಾವಿ