ಅಪ್ಪನ ಹೆಸರಿನ ಎತ್ತರದ ಕಾರು

ಕಸ್ತೆಲ್‌ರಿಯೊ, ಮೊದೆನಾ ಜಿಲ್ಲೆ
ನವೆಂಬರ್ ೧೪

ಪ್ರೀತಿಯ ಲೋರಿಸ್,

ಹೇಗಿದ್ದೀಯಪ್ಪ? ಜರ್ಮನಿಯ ಚಳಿಗೆ ಕೆಮ್ಮು ಮರುಕಳಿಸಿಲ್ಲ ತಾನೆ? ಕಳೆದ ಸಲ ಬಿಟ್ಟುಹೋದ ಉಣ್ಣೆ ಅಂಗಿಯನ್ನು ಒಗೆದು ಇಟ್ಟಿದ್ದೇನೆ. ನನ್ನ ಮಂಡಿ ಹಾಗೇ ಇದೆ. ಅಪ್ಪ ಹೋದ ಮೇಲೆ ಒಬ್ಬಳಿಗೇ ತೊರ್ತೆಲ್ಲಿನಿಯ ಪುಟ್ಟ ಕಡುಬು ಮಡಚುವುದಕ್ಕೆ ಮನಸ್ಸು ಬಾರದೆ ಬರೀ ಸಾರು ಕುಡಿದು ಮಲಗುತ್ತೇನೆ. ಬೈಯಬೇಡ.

ಭಾನುವಾರ ಗಾರುತಿ ಕಾರ್ಖಾನೆಯ ಯಜಮಾನರ ಮಗ ಫುಲ್ವಿಯೊ ಬಂದಿದ್ದ. ಹೊಸ ಕಾರಿನಲ್ಲಿ ಬಂದನಂತೆ. ಬಾಗಿಲು ತಟ್ಟುವವರೆಗೂ ನನಗೆ ಗೊತ್ತೇ ಆಗಲಿಲ್ಲ. ನಾಲ್ಕು ಬಾಗಿಲು, ಕುರ್ಚಿಯಷ್ಟು ಎತ್ತರದ ಸೀಟು, ಬ್ಯಾಟರಿಯ ಓಟ. ನೆಲಕ್ಕಂಟಿದಂಥ ಎರಡು ಸೀಟಿನ, ಗುಡುಗುವ ಕಾರುಗಳನ್ನೇ ಮಾಡುತ್ತಿದ್ದ ಗಾರುತಿಯವರು ಇಂಥದ್ದೊಂದನ್ನು ಮಾಡುವುದು ಇದೇ ಮೊದಲು. ಅದಕ್ಕೆ ‘ಅದೆಲ್ಮೊ’ ಎಂದು ನಿನ್ನ ಅಪ್ಪನ ಹೆಸರಿಡುತ್ತಾರಂತೆ. ಮೂವತ್ತು ವರ್ಷ ಅವರ ಕಾರುಗಳನ್ನು ಈ ಗುಡ್ಡದ ಮೇಲೆ ಓಡಿಸಿ ಪರೀಕ್ಷಿಸಿದವರಿಗೆ ಇದು ಗೌರವವಂತೆ. ನಾನು ಹೂಂ ಅನ್ನಬೇಕಂತೆ.

ಇಂಥ ಕಾರು ಈಗೇಕೆ ಎಂದು ಕೇಳಿದೆ. “ಇದು ಅದೆಲ್ಮೊ ಮಾಮನ ಕನಸು, ಎಲ್ವಿರಮ್ಮ. ಸಂಸಾರ ಪೂರ್ತಿ ಕೂರೋ ಕಾರು ಮಾಡು ಅಂತ ನಂಗೇ ಹೇಳಿದ್ರು,” ಎಂದ. ನನ್ನ ಮೈ ಉರಿದುಹೋಯಿತು. ಅಪ್ಪ ಹೇಳಿದ್ದೇನೆಂದು ನಿನಗೂ ಗೊತ್ತು, ಫುಲ್ವಿಯೊ ನಮ್ಮಲ್ಲಿ ಊಟಕ್ಕೆ ಬಂದಿದ್ದ ದಿನ ನೀನೂ ಇದ್ದೆ. ಬೆನ್ನುನೋವಿನಲ್ಲಿ ಕಾರಿನಿಂದ ಇಳಿದು ಬಂದು, “ಮುಂದಿನದು ಕುರ್ಚಿಯಷ್ಟು ಎತ್ತರ ಮಾಡಪ್ಪ ಫುಲ್ವಿಯೊ, ಇಲ್ಲಾಂದ್ರೆ ನನ್ನ ಎತ್ತೋಕೆ ಕ್ರೇನ್ ತರಿಸು,” ಎಂದಿದ್ದರು. ಎಲ್ಲರೂ ನಕ್ಕೆವು. ಆ ನಗೆಯನ್ನು ಇವನು ಸತ್ತವರ ಕೊನೆಯಾಸೆ ಮಾಡಿಕೊಂಡಿದ್ದಾನೆ.

ನಾನು ಬಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ ನಿಜ ಹೇಳಿದ. ಎರಡು ಸೀಟಿನ ಕಾರು ಕೊಳ್ಳುತ್ತಿದ್ದವರೆಲ್ಲ ಮುದುಕರಾದರು. ಅವರ ಮಕ್ಕಳಿಗೆ ಮಗು, ನಾಯಿ, ಚೀಲ ಎಲ್ಲಕ್ಕೂ ಜಾಗ ಬೇಕು. ಎತ್ತರದ್ದು ಮಾರಿದರೆ ತಗ್ಗಿನದು ಉಳಿಯುತ್ತದೆ, ಇಲ್ಲದಿದ್ದರೆ ಕಾರ್ಖಾನೆಯೇ ಮುಚ್ಚುತ್ತದೆ. ಇದನ್ನೇ ಮೊದಲು ಹೇಳಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಊರಿನ ಅರ್ಧ ಮನೆಗಳ ಒಲೆ ಅಲ್ಲಿಂದಲೇ ಉರಿಯುವುದು, ನನಗೆ ತಿಳಿಯದೆ? ಮಾಡಲಿ, ಮಾರಲಿ. ಅದಕ್ಕೆ ಸತ್ತವರ ಬಾಯಲ್ಲಿ ಸುಳ್ಳು ತುರುಕುವುದೇಕೆ?

ಹೋಗುವಾಗ ಹೆಮ್ಮೆಯಿಂದ, “ನಾನು ಬಂದಿದ್ದು ಕೇಳಿಸ್ಲೇ ಇಲ್ಲ ಅಲ್ವಾ? ಅದೇ ಇದರ ಚೆಂದ,” ಎಂದ. ಈ ಗುಡ್ಡದಲ್ಲಿ ಕಾರು ಪರೀಕ್ಷಿಸುವವರ ಹೆಂಡಂದಿರು ಯಾರೂ ಗಡಿಯಾರ ನೋಡಿ ಅಡುಗೆ ಮಾಡಿದವರಲ್ಲ. ಗಿರಣಿಯ ತಿರುವಿನಲ್ಲಿ ಅಪ್ಪ ಗೇರು ಇಳಿಸಿದ ಸದ್ದು ಕೇಳಿದಾಗ ನಾನು ಕುದಿಯುವ ಸಾರಿಗೆ ತೊರ್ತೆಲ್ಲಿನಿ ಹಾಕುತ್ತಿದ್ದೆ. ಕೈ ತೊಳೆದು ಕೂರುವಷ್ಟರಲ್ಲಿ ಹದವಾಗಿ ಬೆಂದಿರುತ್ತಿತ್ತು. ಬರುವುದೇ ಕೇಳಿಸದ ಕಾರಿಗೆ ಅವರ ಹೆಸರೇ? ಆಗದು ಎಂದು ಬಾಗಿಲು ಹಾಕಿಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಾಡಿಗೆ ಮನೆಯ ಅಜ್ಜಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಮ್ಮ,
ಎಲ್ವಿರಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮಗನೂ ಒಪ್ಪಬೇಕಂತೆ, ನೀನು ಆಗಲೇ ಫೋನಿನಲ್ಲಿ ಒಪ್ಪಿದ್ದೀ ಎಂದು ಫುಲ್ವಿಯೊ ಮುಚ್ಚಿದ ಬಾಗಿಲಿನ ಆಚೆಯಿಂದ ಕೂಗಿ ಹೇಳಿದ. ನಿಜವಾದರೆ ಪತ್ರ ಬರೆಯಬೇಡ, ಬಂದು ನನ್ನ ಮುಖ ನೋಡಿ ಹೇಳು. ಅಪ್ಪನ ಹಳೆಯ ಕಾರಿನಲ್ಲೇ ಬಾ, ಮೊದೆನಾದಲ್ಲಿ ಚಿಕ್ಕಪ್ಪನ ಹತ್ತಿರ ಇದೆ. ಗಿರಣಿಯ ತಿರುವಿನಲ್ಲಿ ಗೇರು ಇಳಿಸು. ಸಿಟ್ಟು ಏನೇ ಇರಲಿ, ಸಾರು ಒಲೆಯ ಮೇಲಿರುತ್ತದೆ.